ಮಗನ ಊರಿನ ಛತ್ರ

ಚಿಂತಾಮಣಿ
9 ಜುಲೈ 2025

ಮುನೇಶಪ್ಪ,

ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಕಾಗದ ಎಂದರೆ ಸಾವಿನ ಸುದ್ದಿಯೇ ಎಂದು ಎದೆ ಹಿಡಿದುಕೊಳ್ಳುವ ಕಾಲ ಹೋಯಿತು. ಇದು ನಿನ್ನ ಅಮ್ಮ, ಚಿಂತಾಮಣಿಯ ಒಂದು ಛತ್ರದ ಜಗಲಿಯ ಮೇಲೆ ಕೂತು ಬರೆಯುತ್ತಿರುವುದು.

ಫೋನನ್ನು ಮೇಲೂರಿನಲ್ಲಿ ನಿನ್ನ ದೊಡ್ಡಮ್ಮನ ಹತ್ತಿರ ಬಿಟ್ಟು ಬಂದಿದ್ದೇನೆ. ಬೇಕೆಂದೇ ಬಿಟ್ಟದ್ದು. ಫೋನಿನಲ್ಲಿ ನಾನೊಂದು ಮಾತು ಶುರು ಮಾಡುವಷ್ಟರಲ್ಲಿ ನೀನು "ಸರಿ ಕಣಮ್ಮ, ಊಟ ಆಯ್ತಾ, ಇಡ್ಲಾ?" ಎನ್ನುತ್ತೀಯ. ಕಾಗದದಲ್ಲಿ ನೀನು ಅಡ್ಡ ಬಾಯಿ ಹಾಕುವಂತಿಲ್ಲ. ಪೂರ್ತಿ ಕೇಳಲೇಬೇಕು.

ಸ್ಕೂಲಿನಲ್ಲಿ ಬಿಸಿಯೂಟ ಮಾಡುವಾಗ ಅಡುಗೆಕೋಣೆಯ ಕಿಟಕಿಯಿಂದ ರಸ್ತೆ ಕಾಣುತ್ತಿತ್ತು ಗೊತ್ತಲ್ಲ? ಅಷ್ಟು ವರ್ಷ ಸಾರು ತಿರುವುತ್ತಾ ಬಸ್ಸುಗಳ ಬೋರ್ಡು ಓದಿದವಳು ನಾನು. ಚಿಂತಾಮಣಿ ಅಂತ ಬೋರ್ಡು ಹಾಕಿಕೊಂಡು ಹೋಗುತ್ತದಲ್ಲ, ಅಲ್ಲಿ ಏನಿದೆ ಅಂತ ಅಷ್ಟೊಂದು ಜನ ಹೋಗುತ್ತಾರೆ ಅನಿಸುತ್ತಿತ್ತು. ಮದುವೆ, ಸಾವು ಅಂತ ಬಂದಿದ್ದೇನೆ ನಿಜ. ಆದರೆ ಮದುವೆಗೆ ಹೋದವರು ಊರು ನೋಡುತ್ತಾರೆಯೇ? ಚಪ್ಪಲಿ ಎಲ್ಲಿ ಬಿಟ್ಟೆವು ಅಂತ ನೋಡುತ್ತಾರೆ. ಈಗ ಅರವತ್ತು ತುಂಬಿತು, ಶಾಲು ಹೊದಿಸಿ ಕಳಿಸಿದರು. ಹೆಂಗಸರಿಗೆ ಬಸ್ಸು ಬಿಟ್ಟಿ. ಇನ್ನೇನು ಅಡ್ಡಿ?

ಬಿಟ್ಟಿ ಎಂದರೂ ಒಂದಷ್ಟು ತಿಳಿದಿರಬೇಕು. ಮೊದಲು ಬಂದದ್ದು ಪ್ರೈವೇಟ್ ಬಸ್ಸು. ಕ್ಲೀನರು "ಹತ್ತಮ್ಮ ಹತ್ತಮ್ಮ" ಅಂತ ನನ್ನ ಚೀಲವನ್ನೇ ಒಳಗೆ ಹಾಕಿಬಿಟ್ಟ. ಚೀಲ ಬಿಡಿಸಿಕೊಂಡು ಇಳಿದೆ. ಆಮೇಲೆ ಸರ್ಕಾರದ ಕೆಂಪು ಬಸ್ಸು ಬಂತು. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. "ದುಡ್ಡೇ ಇಲ್ಲ ಅಂದ್ಮೇಲೆ ಚೀಟಿ ಯಾಕಪ್ಪ?" ಅಂತ ಕೇಳಿದೆ. "ಸರ್ಕಾರ ನಮ್ಗೆ ಲೆಕ್ಕ ಕೇಳ್ತದೆ ಕಣಮ್ಮ, ಇಳಿಯೋಗಂಟ ಬಿಸಾಕ್‌ಬೇಡ" ಅಂದ. ಪಕ್ಕದಲ್ಲಿ ದುಡ್ಡು ಕೊಟ್ಟು ಕೂತಿದ್ದ ಗಂಡಸು ದಾರಿಯುದ್ದಕ್ಕೂ ನನ್ನನ್ನು ದುರುಗುಟ್ಟಿಕೊಂಡು ನೋಡಿದ, ನಾನೇ ಅವನ ಜೇಬಿಗೆ ಕೈ ಹಾಕಿದಂತೆ.

ಇನ್ನು ಮಲಗುವ ವಿಷಯ. ನನ್ನ ಚಿಕ್ಕಪ್ಪನ ಮಗ ಮೋಹನ್‌ಬಾಬು ಮನೆ ಇಲ್ಲಿಂದ ಎರಡು ಬೀದಿ ಆಚೆ. ನಾನು ಹೋಗಲಿಲ್ಲ. ಹೋದರೆ ಬರಿಗೈಯಲ್ಲಿ ಹೋಗಲಾಗುತ್ತದೆಯೇ? ಸ್ವೀಟು, ಬಾಳೆಹಣ್ಣು, ಹೂವು, ಮಕ್ಕಳಿಗೆ ಬಿಸ್ಕತ್ತು. ಹೊರಡುವಾಗ ಅವನ ಹೆಂಡತಿ ಅರಿಶಿನ ಕುಂಕುಮ, ಬ್ಲೌಸ್ ಪೀಸು ಕೊಡುತ್ತಾಳೆ. ಕೊಟ್ಟ ಮೇಲೆ ಅವರು ನಮ್ಮೂರಿಗೆ ಬರುತ್ತಾರೆ, ನಾನು ಸೀರೆ ಇಡಬೇಕು. ಬಿಟ್ಟಿ ಎಂದು ನೆಂಟರ ಮನೆಗೆ ಹೋದರೆ ಅಷ್ಟು ದುಬಾರಿ ಲಾಡ್ಜು ಭೂಮಿಯ ಮೇಲೆ ಇನ್ನೊಂದಿಲ್ಲ. ಛತ್ರದಲ್ಲಿ ಒಂದು ಚಾಪೆ ಕೊಟ್ಟರು. ನಲ್ಲಿ ಇದೆ, ಚಿಲಕ ಇದೆ. ಹುಂಡಿಗೆ ಕೈಲಾದದ್ದು ಹಾಕಿದರೆ ಆಯಿತು. ಪಕ್ಕದ ಚಾಪೆಯಲ್ಲಿ ಬಾಗೇಪಲ್ಲಿ ಕಡೆಯ ಒಬ್ಬಳು ಇದ್ದಳು, ಮೊಣಕಾಲು ತೋರಿಸಲು ಬಂದವಳು. ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಅವಳ ಮೂರು ತಲೆಮಾರಿನ ಕಥೆ ಕೇಳಿದೆ. ಬೆಳಿಗ್ಗೆ ಎದ್ದು ಮಾರ್ಕೆಟ್ಟಿಗೆ ಹೋದೆ. ಜನ್ಮವೆಲ್ಲ ಟೊಮೆಟೊ ಹೆಚ್ಚಿದವಳು ಮಗ ನಾನು, ಆದರೂ ಅಷ್ಟು ಟೊಮೆಟೊ ಒಟ್ಟಿಗೆ ನೋಡಿ ಬಾಯಿ ಬಿಟ್ಟುಕೊಂಡು ನಿಂತೆ.

ನನ್ನ ಮೊಮ್ಮಗಳು ತನುಜಳಿಗೆ ಮುತ್ತು. ಸೊಸೆ ಲಾವಣ್ಯಳನ್ನು ಕೇಳಿದೆ ಎಂದು ಹೇಳು.

ನಿನ್ನ ಅಮ್ಮ
ಗಂಗುಲಮ್ಮ


ಗೌರಿಬಿದನೂರು
18 ಜುಲೈ 2025

ಅಮ್ಮಾ,

ನಿನ್ನ ಕಾಗದ ಬರುವ ಮೊದಲೇ ಮೋಹನ್‌ಬಾಬು ಮಾಮನ ಫೋನು ಬಂತು. ನಿನ್ನನ್ನು ಮಾರ್ಕೆಟ್ಟಿನಲ್ಲಿ ಯಾರೋ ನೋಡಿದ್ದಾರೆ, ಛತ್ರದ ಹೆಸರನ್ನೂ ಕೇಳಿ ತಿಳಿದಿದ್ದಾರೆ. "ಏನಪ್ಪಾ ಮುನೇಶ, ನಮ್ಮೂರಿಗೆ ಬಂದು ನಿಮ್ಮಮ್ಮ ಛತ್ರದಾಗೆ ಮಲ್ಗವ್ಳಂತೆ? ನಮ್ಮನೇಲಿ ಒಂದು ಚಾಪೆ ಇರ್ಲಿಲ್ವಾ? ನಾವೇನು ಅಂಥ ತಪ್ಪು ಮಾಡಿದ್ವಿ?" ಅಂತ ಅರ್ಧ ಗಂಟೆ. ಫ್ಯಾಕ್ಟರಿಯಲ್ಲಿ ಮಿಷನ್ ಸದ್ದಿನ ಮಧ್ಯೆ ನಿಂತುಕೊಂಡು ನಾನು ಕ್ಷಮೆ ಕೇಳಿದೆ. ಯಾತಕ್ಕೆ ಕೇಳಿದೆ ಎಂದು ನನಗೇ ತಿಳಿಯಲಿಲ್ಲ.

ನೀನು ಲೆಕ್ಕ ಹಾಕಿದ್ದು ಸರಿ ಇರಬಹುದು. ನನಗೆ ನಗುವೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ನಾಲ್ಕು ಜನ ನಿನ್ನ ಲೆಕ್ಕ ನೋಡುವುದಿಲ್ಲ. ಮಗ ಸಂಬಳ ತರುತ್ತಾನೆ, ತಾಯಿ ಛತ್ರದಲ್ಲಿ ಬಿದ್ದಿರುತ್ತಾಳೆ ಎನ್ನುತ್ತಾರೆ. ಊರು ನೋಡಬೇಕೆಂದರೆ ನೋಡು, ನಾನು ಬೇಡ ಅಂದೆನೇ? ಲಾಡ್ಜಿನಲ್ಲಿ ರೂಮು ಮಾಡು. ದುಡ್ಡು ನಿನ್ನ ಅಕೌಂಟಿಗೆ ಹಾಕಿದ್ದೇನೆ. ಫೋನು ಜೊತೆಯಲ್ಲಿ ಇಟ್ಟುಕೋ.

ಅದೆಲ್ಲ ಬಿಡು. ಇಲ್ಲಿಗೆ ಬಾ. ಯುಗಾದಿಗೆ ಬಂದು ಹೋದವಳು ಮತ್ತೆ ಬಂದಿಲ್ಲ. ಸಿಕ್ಕಸಿಕ್ಕ ಊರಿನ ಬೋರ್ಡು ಓದುವವಳಿಗೆ ಗೌರಿಬಿದನೂರಿನ ಬೋರ್ಡು ಮಾತ್ರ ಕಾಣಲಿಲ್ಲವೇ?

ಮುನೇಶ್


ಮುರುಗಮಲ್ಲ
5 ಆಗಸ್ಟ್ 2025

ಮುನೇಶಪ್ಪ,

ನಿನ್ನ ಮಾತಿಗೆ ಬೆಲೆ ಕೊಟ್ಟು ಚಿಕ್ಕಬಳ್ಳಾಪುರದಲ್ಲಿ ಲಾಡ್ಜಿಗೆ ಹೋದೆ. ಚೆನ್ನಾಗಿ ತಲೆ ಬಾಚಿಕೊಂಡು, ಶಾಲು ಹೊದಿಸಿದವರು ಕೊಟ್ಟ ಸೀರೆ ಉಟ್ಟುಕೊಂಡೇ ಹೋದೆ. ಮೇಜಿನ ಹಿಂದೆ ಇದ್ದವನು ನನ್ನ ಹಿಂದೆ ನೋಡಿದ, ಬಾಗಿಲ ಕಡೆ ನೋಡಿದ. "ಜೊತೇಲಿ ಯಾರವ್ರಮ್ಮ?" ಅಂದ. ಯಾರೂ ಇಲ್ಲ ಅಂದೆ. "ಒಬ್ರೇ ಲೇಡೀಸ್‌ಗೆ ರೂಮ್ ಕೊಡಲ್ಲಮ್ಮ, ರೂಲ್ಸು." ಯಾಕಪ್ಪ ಎಂದು ಕೇಳಿದೆ. ಅವನಿಗೂ ಗೊತ್ತಿರಲಿಲ್ಲ ಪಾಪ, ರೂಲ್ಸು ಅನ್ನುವುದೊಂದೇ ಗೊತ್ತಿತ್ತು. "ನನ್ನಂಥ ಮುದುಕಿ ರೂಮ್ನಾಗೆ ಏನ್ ಮಾಡ್ತಾಳೆ ಅಂತ ನಿಂಗೆ ಭಯ?" ಅಂದೆ. ಕೂತಿದ್ದವರೆಲ್ಲ ನಕ್ಕರು. ರೂಮು ಸಿಗಲಿಲ್ಲ. ನೀನು ಹಾಕಿದ ದುಡ್ಡು ಹಾಗೇ ಇದೆ. ದುಡ್ಡು ಕೊಟ್ಟರೆ ಬಾಗಿಲು ತೆಗೆಯುತ್ತದೆ ಎಂದು ನೀನು ತಿಳಿದಿದ್ದೀಯ. ಗಂಡಸರಿಗೆ ತೆಗೆಯುತ್ತದೆ ಮಗ.

ಈಗ ಮುರುಗಮಲ್ಲದ ದರ್ಗಾದಲ್ಲಿದ್ದೇನೆ. ಬಂದವರು ಮಲಗಲು ಜಾಗ ಇದೆ, ಯಾವ ಜಾತಿ ಎಂದು ಯಾರೂ ಕೇಳುವುದಿಲ್ಲ, ಜೊತೆಯಲ್ಲಿ ಗಂಡಸು ಎಲ್ಲಿ ಎಂದೂ ಕೇಳುವುದಿಲ್ಲ. ಇಲ್ಲಿ ಹೂವು, ಸಕ್ಕರೆ ಮಾರುವ ಅಂಗಡಿಯಾಕೆ ಹಮೀದಾ ಬೇಗಂ ಅಂತ. ನನ್ನದೇ ವಯಸ್ಸು. ನನ್ನನ್ನು ನೋಡಿ "ಯಾರ್‌ನ ಕರ್ಕೊಂಡ್ ಬಂದಿದ್ದೀರಾ?" ಅಂದಳು. ಇಲ್ಲಿಗೆ ಬರುವವರು ಮನೆಯಲ್ಲಿ ಮನಸ್ಸು ಕೆಟ್ಟವರನ್ನೋ, ಜ್ವರ ಬಿಡದ ಮಕ್ಕಳನ್ನೋ ಕರೆತರುತ್ತಾರಂತೆ. "ನನ್ನನ್ನೇ ಕರ್ಕೊಂಡ್ ಬಂದಿದ್ದೀನಿ" ಅಂದೆ. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನ್ ಕಾಯಿಲೆ?" ಅಂದಳು. "ಊರು ನೋಡೋ ಕಾಯಿಲೆ" ಅಂದೆ. ಇಬ್ಬರೂ ನಕ್ಕು ನಕ್ಕು ಸಕ್ಕರೆ ಪೊಟ್ಟಣ ಕೆಳಗೆ ಬಿತ್ತು.

ಹಮೀದಾ ಚಿಂತಾಮಣಿ ಬಿಟ್ಟು ಆಚೆ ಹೋದವಳಲ್ಲ. "ಕಾರ್ಡ್ ನನ್ ಹತ್ರಾನೂ ಇದೆ ಅಕ್ಕಾ, ಅಂಗಡಿ ಯಾರ್ ನೋಡ್ಕೋತಾರೆ?" ಎನ್ನುತ್ತಾಳೆ. ನಾನು ನೋಡಿದ ಊರುಗಳ ಕಥೆಯನ್ನೆಲ್ಲ ಹೇಳಿಸಿಕೊಂಡಳು. ಕೈವಾರದ ಮಠದಲ್ಲಿ ಸಾವಿರ ಜನಕ್ಕೆ ಹೇಗೆ ಅನ್ನ ಬೇಯಿಸುತ್ತಾರೆ, ಹಂಡೆ ಎಷ್ಟು ಎತ್ತರ, ಗಂಜಿ ಹೇಗೆ ಬಸಿಯುತ್ತಾರೆ, ಎಲ್ಲ. ನನ್ನ ಸಾರಿಗಿಂತ ಅಲ್ಲಿಯ ಸಾರಿಗೆ ಮೆಣಸು ಜಾಸ್ತಿ, ಆದರೂ ರುಚಿಯೇ. ಬೇರೆಯವರು ಮಾಡಿದ್ದನ್ನು ಕೂತು ಉಣ್ಣುವುದು ನನಗೆ ಇನ್ನೂ ಅಭ್ಯಾಸ ಆಗಿಲ್ಲ. ಎದ್ದು ಸೌಟು ಹಿಡಿಯೋಣ ಎಂದು ಕೈ ತುರಿಸುತ್ತದೆ.

ಕೊನೆಗೆ ಅವಳು "ಮಕ್ಳು ಎಲ್ಲಿದ್ದಾರೆ?" ಎಂದು ಕೇಳಿದಳು. ಮಗ ಗೌರಿಬಿದನೂರಿನಲ್ಲಿ ಅಂದೆ. "ಹಾಗಾದ್ರೆ ಅಲ್ಲಿಗ್ ಯಾಕ್ ಹೋಗಲ್ಲ?" ಅಂದಳು. ನೀನೂ ಅದನ್ನೇ ಕೇಳಿದ್ದೀಯ. ಅದೊಂದಕ್ಕೆ ಇಬ್ಬರಿಗೂ ಈಗಲೇ ಉತ್ತರ ಹೇಳುವುದಿಲ್ಲ. ಕೋಪ ಮಾಡಿಕೊಳ್ಳಬೇಡ.

ಅಮ್ಮ


ಗೌರಿಬಿದನೂರು
19 ಸೆಪ್ಟೆಂಬರ್ 2025

ಅಮ್ಮಾ,

ಇಲ್ಲಿಯ ಬಸ್ ಸ್ಟ್ಯಾಂಡಿನ ಹಿಂದಿನ ಛತ್ರ ನೋಡಿಕೊಳ್ಳುವ ಆವುಲಪ್ಪನ ಮಗ ನನ್ನ ಶಿಫ್ಟಿನಲ್ಲೇ ಕೆಲಸ ಮಾಡುವುದು. ಅವರಪ್ಪ ಬುತ್ತಿ ಕೊಡಲು ಗೇಟಿಗೆ ಬಂದಿದ್ದ. ಮಾತಿಗೆ ಮಾತು ಬಂದು "ಮೇಲೂರು ಗಂಗುಲಮ್ಮ ಅಂತ ಒಬ್ಬಾಕೆ ಬಂದಿದ್ರು, ಎರಡು ದಿನ ಇದ್ರು. ನಮ್ಮ ಛತ್ರದ ಅಡುಗೆಮನೆ ಪೂರಾ ಉಜ್ಜಿ ತೊಳೆದು ಹೋದ್ರು, ಮಂಚಿ ಮನಿಷಿ, ಬಲು ಒಳ್ಳೆಯವ್ರು" ಎಂದು ಹೊಗಳಿದ. ಎಲ್ಲರೂ ಕೇಳುತ್ತಿದ್ದರು. ಅದು ನಮ್ಮಮ್ಮ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಛತ್ರದಿಂದ ನಮ್ಮ ಮನೆ ಎಷ್ಟು ದೂರ ಅಮ್ಮ? ನಡೆದೇ ಬರಬಹುದಿತ್ತು. ಮೋಹನ್‌ಬಾಬು ಮಾಮನ ಮನೆಗೆ ಸ್ವೀಟು ತರಬೇಕು, ನನ್ನ ಮನೆಗೂ ತರಬೇಕೇ? ನಾನೂ ನೆಂಟನೇ ನಿನಗೆ?

ಮಾಮ ಕೇಳಿದ್ದನ್ನೇ ನಾನೂ ಕೇಳುತ್ತಿದ್ದೇನೆ. ಏನು ತಪ್ಪು ಮಾಡಿದೆವು? ಲಾವಣ್ಯ ಏನಾದರೂ ಅಂದಳೇ? ಅವಳಿಗೆ ಹೇಳಿದಾಗಿನಿಂದ ಅವಳು ನನ್ನ ಮುಖ ನೋಡದೆ ಕೆಲಸ ಮಾಡುತ್ತಿದ್ದಾಳೆ. ಉತ್ತರ ಬರೆ. ಜನ ಏನಂತಾರೆ ಅಂತ ಈಗ ಕೇಳುತ್ತಿಲ್ಲ. ನನಗೇ ಗೊತ್ತಾಗಬೇಕು.

ಮುನೇಶ್


ಗೌರಿಬಿದನೂರು
3 ಅಕ್ಟೋಬರ್ 2025

ಅಮ್ಮಾ,

ಫೋನು ಮಾಡಿದರೆ ದೊಡ್ಡಮ್ಮ ಎತ್ತಿ "ನೀರಿಗೆ ಹೋಗವ್ಳೆ" ಎನ್ನುತ್ತಾಳೆ. ನಿಮ್ಮ ಮನೆಯೊಳಗೇ ನಲ್ಲಿ ಇದೆ ಎಂಬುದು ನನಗೆ ಗೊತ್ತಿಲ್ಲವೇ? ಬೈದಾದರೂ ಬರೆ.

ಮುನೇಶ್


ಮೇಲೂರು
12 ಅಕ್ಟೋಬರ್ 2025

ಮುನೇಶಪ್ಪ,

ಮೂರು ಸಲ ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಲಾವಣ್ಯ ಒಂದು ಮಾತೂ ಆಡಿದವಳಲ್ಲ. ಅವಳ ಮೇಲೆ ಅನುಮಾನ ಪಟ್ಟರೆ ನನ್ನ ಮೇಲಾಣೆ. ನೀವಿಬ್ಬರೂ ನನ್ನನ್ನು ಚೆನ್ನಾಗಿ ನೋಡಿಕೊಂಡದ್ದೇ ನನಗೆ ಕಷ್ಟವಾದದ್ದು. ಇದನ್ನು ಹೇಗೆ ಬರೆಯುವುದು ಎಂದು ತಿಳಿಯದೆ ಇಷ್ಟು ದಿನ ಆಯಿತು.

ಯುಗಾದಿಗೆ ಬಂದಾಗ ನಾನು ಸೌಟು ಮುಟ್ಟಲು ಹೋದರೆ ಲಾವಣ್ಯ "ಕೂತ್ಕೊಳಿ ಅತ್ತೆ, ಕೂತ್ಕೊಳಿ" ಎಂದು ಕೈಯಿಂದ ಕಿತ್ತುಕೊಂಡಳು. ಕುರ್ಚಿ ಹಾಕಿ ಟೀವಿ ಹಚ್ಚಿದಿರಿ. ಹೊಸ ಲೋಟದಲ್ಲಿ ಕಾಫಿ ಕೊಟ್ಟಿರಿ. ಇರುವುದು ಒಂದೇ ರೂಮು, ಅಲ್ಲಿದ್ದ ಒಂದೇ ಮಂಚ ನನಗೆ ಬಿಟ್ಟು ನೀವಿಬ್ಬರೂ ಅಡುಗೆಮನೆಯಲ್ಲಿ ಮುದುರಿಕೊಂಡು ಮಲಗಿದಿರಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ಅಲ್ಲಿ ಚಾಚಲು ಜಾಗವೆಲ್ಲಿ? ನೀನು ಮಗ್ಗುಲು ಬದಲಿಸಿದಾಗಲೆಲ್ಲ ಪಾತ್ರೆ ಉರುಳುವ ಸದ್ದು. ಬೆಳಿಗ್ಗೆ ನಿನ್ನ ಕಣ್ಣು ಕೆಂಪಗಿತ್ತು, ಆ ಕಣ್ಣಿನಲ್ಲೇ ಮಿಷನ್ ಮುಂದೆ ನಿಲ್ಲಲು ಹೋದೆ. ನನ್ನ ಮಗನ ನಿದ್ದೆ ಕಿತ್ತುಕೊಂಡು ನಾನು ಮಂಚದ ಮೇಲೆ ಮಲಗಿದ್ದೆ. ನಾಲ್ಕು ದಿನ ಇರೋಣ ಎಂದು ಬಂದವಳು ಮಾರನೆಯ ದಿನವೇ ಸೊಂಟ ನೋವೆಂದು ಸುಳ್ಳು ಹೇಳಿ ಹೊರಟೆ.

ಸೆಪ್ಟೆಂಬರಿನಲ್ಲಿ ಬಂದದ್ದು ನಿಜ. ನಿನ್ನ ಊರು ಹೇಗಿದೆ ಎಂದು ನೋಡುವ ಆಸೆ. ನಿನ್ನ ಫ್ಯಾಕ್ಟರಿಯ ಗೇಟು ನೋಡಿದೆ. ನೀನು ತರಕಾರಿ ಕೊಳ್ಳುವ ಸಂತೆ ನೋಡಿದೆ, ಹುರುಳಿಕಾಯಿ ಅಗ್ಗ ಇದೆ. ಲಾವಣ್ಯ ಕೆಲಸ ಮಾಡುವ ಮೆಡಿಕಲ್ ಶಾಪಿನ ಎದುರು ನಿಂತೆ, ಅವಳು ತಲೆ ಎತ್ತದೆ ಮಾತ್ರೆ ಎಣಿಸುತ್ತಿದ್ದಳು. ಸ್ಕೂಲು ಬಿಟ್ಟಾಗ ತನುಜ ಆಚೆ ಬಂದಳು. ಒಂದು ಕಡೆ ರಿಬ್ಬನ್ ಬಿಚ್ಚಿತ್ತು. ಕೂಗೋಣ ಎಂದು ಬಾಯಿ ತೆರೆದೆ. ಕೂಗಿದರೆ ಮನೆಗೆ ಬರಬೇಕು, ಬಂದರೆ ನೀವು ಮತ್ತೆ ಅಡುಗೆಮನೆಗೆ ಹೋಗಬೇಕು. ಸೀಬೆಹಣ್ಣಿನ ಗಾಡಿಯ ಹಿಂದೆ ನಿಂತುಬಿಟ್ಟೆ. ಮಗು ಪಕ್ಕದ ಮನೆಯವರ ಕೈ ಹಿಡಿದುಕೊಂಡು ನನ್ನ ಮುಂದೆಯೇ ಹೋಯಿತು.

ಮುನೇಶಪ್ಪ, ನಾನು ಎಷ್ಟೋ ಊರಿನಲ್ಲಿ ಮಲಗಿದ್ದೇನೆ. ಯಾವ ಛತ್ರದಲ್ಲೂ ಅತ್ತಿರಲಿಲ್ಲ. ನಿಮ್ಮೂರಿನ ಛತ್ರದಲ್ಲಿ ಅತ್ತೆ. ಅತ್ತು, ಸುಮ್ಮನೆ ಕೂರಲಾರದೆ ಅವರ ಅಡುಗೆಮನೆ ತೊಳೆದೆ. ನನಗೆ ನಿನ್ನ ಮನೆ ಬೇಕು. ನೆಂಟತನ ಬೇಡ. ಎರಡನ್ನೂ ಬೇರೆ ಮಾಡುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ.

ಅಮ್ಮ


ಗೌರಿಬಿದನೂರು
21 ಅಕ್ಟೋಬರ್ 2025

ಅತ್ತೆಯವರಿಗೆ,

ನಿಮ್ಮ ಕಾಗದವನ್ನು ಇವರು ಓದಿ, ನನ್ನ ಕೈಗೆ ಕೊಟ್ಟು, ಆಚೆ ಹೋಗಿ ಮೆಟ್ಟಿಲ ಮೇಲೆ ಕೂತರು. ಉತ್ತರ ನೀನೇ ಬರಿ ಅಂದರು, ಅದಕ್ಕೆ ಬರೆಯುತ್ತಿದ್ದೇನೆ.

ಅತ್ತೆ, ಸೌಟು ಕಿತ್ತುಕೊಂಡದ್ದು ನಾನೇ, ಆದರೆ ಹಾಗೆ ಮಾಡು ಎಂದಿದ್ದು ನಿಮ್ಮ ಮಗ. ನೀವು ಬರುವ ಹಿಂದಿನ ದಿನವೇ ಇವರು "ನಮ್ಮಮ್ಮ ಜೀವನವೆಲ್ಲ ಒಲೆ ಮುಂದೆ ಬೆಂದವ್ಳೆ. ನಮ್ಮನೇಲಿ ಒಂದು ಲೋಟ ತೊಳೆಯೋಕೂ ಬಿಡ್ಬೇಡ ಕಣೇ" ಎಂದು ನನಗೆ ಹೇಳಿದ್ದರು. ನೀವು ಮಾರನೆಯ ದಿನವೇ ಹೊರಟಾಗ ನನ್ನ ಅಡುಗೆ ಸೇರಲಿಲ್ಲ ಎಂದುಕೊಂಡೆ. ಈಗ ಆರು ತಿಂಗಳಿಂದ ಹಾಗೇ ಅಂದುಕೊಂಡಿದ್ದೇನೆ. ನಿಮ್ಮ ಸಾರಿನ ಪುಡಿಗೆ ಏನು ಹಾಕುತ್ತೀರಿ ಎಂದು ಕೇಳಬೇಕೆಂದಿದ್ದೆ, ಕೇಳಲು ಧೈರ್ಯ ಬರಲಿಲ್ಲ.

ನಿಮ್ಮ ಕಾಗದಗಳನ್ನೆಲ್ಲ ತನುಜಳಿಗೆ ಓದಿ ಹೇಳುತ್ತೇನೆ. ಲಾಡ್ಜಿನವನ ಮಾತು ಅವಳಿಗೆ ಬಾಯಿಪಾಠ. ನನಗೂ ಒಂದು ಕೇಳುವುದಿದೆ. ನಾನು ಅದೇ ಆಧಾರ್ ಕಾರ್ಡು ತೋರಿಸಿಕೊಂಡು ತವರಿಗೆ ಬಿಟ್ಟರೆ ಬೇರೆಲ್ಲಿಗೂ ಹೋಗಿಲ್ಲ. ಒಬ್ಬರೇ ಬಸ್ಸಿನಿಂದ ಇಳಿದು ಗೊತ್ತಿಲ್ಲದ ಊರಿನಲ್ಲಿ ನಿಂತಾಗ ಮೊದಲು ಯಾವ ಕಡೆ ನಡೆಯುತ್ತೀರಿ? ಹೇಗೆ ಗೊತ್ತಾಗುತ್ತದೆ?

ನಾನು ಬೆಳಿಗ್ಗೆ ಹೋದರೆ ಬರುವುದು ಸಂಜೆ. ಇವರದು ಶಿಫ್ಟು. ಮಗು ಪಕ್ಕದ ಮನೆಯಲ್ಲಿ ಕೂತು ನಮ್ಮ ದಾರಿ ಕಾಯುತ್ತದೆ. ನಿಮಗೆ ಮಂಚ ಬಿಟ್ಟುಕೊಡಲು ಕರೆಯುತ್ತಿಲ್ಲ ಅತ್ತೆ, ನಮಗೆ ನೀವು ಬೇಕು. ಸ್ಪೀಡ್ ಪೋಸ್ಟಿನಲ್ಲಿ ಈ ಕಾಗದದ ಜೊತೆ ನಮ್ಮ ಮನೆಯ ಇನ್ನೊಂದು ಬೀಗದ ಕೈ ಇಟ್ಟಿದ್ದೇನೆ. ಯಾವತ್ತು ಬರುತ್ತೀರಿ ಎಂದು ತಿಳಿಸಬೇಡಿ. ತಿಳಿಸಿದರೆ ಇವರು ಹೊಸ ಲೋಟ ತರುತ್ತಾರೆ.

ಲಾವಣ್ಯ


ಗೌರಿಬಿದನೂರು, ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದು
6 ನವೆಂಬರ್ 2025

ಮುನೇಶ, ಲಾವಣ್ಯ,

ಮಧ್ಯಾಹ್ನದ ಬಸ್ಸಿಗೆ ಬಂದೆ. ಬೀಗ ಸ್ವಲ್ಪ ಬಿಗಿ, ಎಣ್ಣೆ ಬಿಟ್ಟಿದ್ದೇನೆ. ಯಾರೂ ಇಲ್ಲದ ಮನೆಗೆ ಬಂದು ನಾನೇ ಬಾಗಿಲು ತೆಗೆದುಕೊಂಡಾಗ ನನಗಾದ ಸಂತೋಷ ಯಾವ ಊರಿನಲ್ಲೂ ಆಗಿರಲಿಲ್ಲ. ಸ್ವೀಟು, ಹೂವು ಏನೂ ತಂದಿಲ್ಲ.

ನಿಮ್ಮ ಡಬ್ಬಗಳೆಲ್ಲ ತೆಗೆದು ನೋಡಿದೆ. ಕೊತ್ತಂಬರಿ ಬೀಜಕ್ಕೆ ಹುಳು ಬಿದ್ದಿತ್ತು, ಬಿಸಾಕಿದೆ. ಹುರುಳಿಕಾಯಿ ಪಲ್ಯ ಮಾಡಿದ್ದೇನೆ, ಸಾರು ಮಾಡಿದ್ದೇನೆ. ಪುಡಿಗೆ ಏನು ಹಾಕುತ್ತೇನೆಂದು ಬಾಯಲ್ಲಿ ಹೇಳಲು ಬರುವುದಿಲ್ಲ ಲಾವಣ್ಯಮ್ಮ, ನಾಳೆ ಪಕ್ಕದಲ್ಲಿ ನಿಂತು ನೋಡು. ಹೊಸ ಊರಿನಲ್ಲಿ ಇಳಿದರೆ ಯಾವ ಕಡೆ ನಡೆಯುವುದು ಎಂದು ಕೇಳಿದ್ದೆಯಲ್ಲ, ಹೆಂಗಸರು ತರಕಾರಿ ಚೀಲ ಹಿಡಿದುಕೊಂಡು ಹೋಗುವ ಕಡೆ. ಬರುವ ಭಾನುವಾರ ಕೈವಾರಕ್ಕೆ ಹೋಗೋಣ, ನೀನೇ ನೋಡುವೆಯಂತೆ. ಮುನೇಶ ಬರುವುದಾದರೆ ಅವನ ಟಿಕೆಟ್ಟು ಅವನೇ ತೆಗೆಯಲಿ.

ನಾಲ್ಕರ ಬಸ್ಸಿಗೆ ಹೊರಡೋಣ ಎಂದೇ ಇದ್ದೆ. ಅಷ್ಟರಲ್ಲಿ ತನುಜ ಸ್ಕೂಲಿನಿಂದ ಬಂದಳು. ಪಕ್ಕದ ಮನೆಗೆ ಹೋಗದೆ ನೇರ ಇಲ್ಲಿಗೇ ಬಂದಳು, ಬಾಗಿಲು ತೆರೆದಿದೆಯಲ್ಲ ಅಂತ. ಅನ್ನ ತಿಂದು, ಲೆಕ್ಕ ಬರೆದು, ನನ್ನ ಸೆರಗು ಹಿಡಿದುಕೊಂಡೇ ನಿದ್ದೆ ಹೋದಳು. ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ. ಒಂದೇ ಕೈಯಲ್ಲಿ ಇದನ್ನು ಬರೆದು, ಅವಳನ್ನು ಎತ್ತಿಕೊಂಡೇ ಎದ್ದು ಅಂಟಿಸಿದ್ದೇನೆ.

ಮಂಚ ನಿಮ್ಮದು. ಅಡುಗೆಮನೆಯಲ್ಲಿ ಚಾಪೆ ಹಾಕಿಕೊಂಡು ನಾವಿಬ್ಬರೂ ಮಲಗಿದ್ದೇವೆ. ಊಟಕ್ಕೆ ಬರುವವರು ಕಾಲು ತುಳಿಯದಂತೆ ಬನ್ನಿ.

ಅಮ್ಮ